ನೀಲಿ ಹಾಕದ ಬಿಳುಪು: ಕಲರಿಮೀಟರ್ ಜೊತೆ ಎರಡು ವರ್ಷ

ಅಂಗಡಿಯಲ್ಲಿ ಕಣ್ಣು ಕೋರೈಸಿದ್ದ ಟಿವಿ ಮಂಡ್ಯದ ನಮ್ಮ ಮನೆಗೆ ಬಂದ ಮೊದಲ ಸಂಜೆಯೇ ನನಗೆ ಕಸಿವಿಸಿ ಶುರುವಾಯಿತು. ಬಿಳಿ ಪಂಚೆ, ಮಲ್ಲಿಗೆ ಮಾಲೆ, ಹಾಲು, ಎಲ್ಲದರ ಮೇಲೂ ತೆಳ್ಳನೆಯ ನೀಲಿ. ಹದಿನೆಂಟು ವರ್ಷ ಕಲರ್ ಲ್ಯಾಬಿನಲ್ಲಿ ಮದುವೆ ಫೋಟೋ ಪ್ರಿಂಟ್ ತೆಗೆದವನು ನಾನು. ಬೂದು ಬಣ್ಣ ಕೆಟ್ಟರೆ ಮದುಮಗಳ ಮುಖವೂ ಕೆಡುತ್ತದೆ ಎಂಬುದು ಅಲ್ಲಿ ಕಲಿತದ್ದು. ಹೀಗಾಗಿ ಟಿವಿ ಬೆಲೆಯ ಮೂರನೇ ಒಂದು ಭಾಗ ತೆತ್ತು, ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಕೊಂಡೆ. ಮನೆಯಲ್ಲಿ ಯಾರಿಗೂ ಒಪ್ಪಿಗೆ ಇರಲಿಲ್ಲ.

ಕೆಲಸ ನಡೆಯುವುದು ಭಾನುವಾರ ರಾತ್ರಿ, ಎಲ್ಲರ ಊಟವಾದ ಮೇಲೆ. ಟಿವಿ ಅರ್ಧ ಗಂಟೆ ಉರಿದು ಹದಕ್ಕೆ ಬರಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಅರ್ಧ ಗಂಟೆ. ಕಿಟಕಿಗಳಿಗೆ ಪರದೆ ಎಳೆದು, ನಂದಾದೀಪದ ಬೆಳಕು ಬೀಳದಂತೆ ದೇವರ ಮನೆಯ ಬಾಗಿಲು ಮುಂದೆ ಮಾಡುತ್ತೇನೆ. ಮೀಟರಿನ ವೈರನ್ನು ಟಿವಿಯ ಹಿಂದಕ್ಕೆ ಹಾಯಿಸಿ, ಅದರಲ್ಲಿರುವ ತೂಕದ ಬಿಲ್ಲೆಯನ್ನು ಜಾರಿಸುತ್ತಾ ಮೀಟರ್ ಪರದೆಯ ನಡುಮಧ್ಯೆ ನಿಲ್ಲುವಂತೆ ಮಾಡುವಾಗ ತಕ್ಕಡಿ ಹಿಡಿದಷ್ಟೇ ಎಚ್ಚರ ಬೇಕು. ಲ್ಯಾಪ್‌ಟಾಪಿನಲ್ಲಿ ಎಚ್‌ಸಿಎಫ್‌ಆರ್ ಎಂಬ ಉಚಿತ ತಂತ್ರಾಂಶ. ಕಪ್ಪಿನಿಂದ ಬಿಳುಪಿನವರೆಗೆ ಒಂದೊಂದೇ ಬೂದು ಚೌಕ ಬರುತ್ತದೆ. ಕೆಂಪು, ಹಸಿರು, ನೀಲಿ ಗೆರೆಗಳು ಮೂರೂ 100ರ ಮೇಲೆ ಒಂದಾಗಿ ಮಲಗಿದರೆ ಗ್ರೇಸ್ಕೇಲ್ ಸರಿ ಎಂದರ್ಥ.

ಸ್ಟ್ಯಾಂಡರ್ಡ್ ಮೋಡಿನಲ್ಲಿ ನೀಲಿ 130 ದಾಟಿತ್ತು! ಕಲರ್ ಟೆಂಪರೇಚರನ್ನು ವಾರ್ಮ್‌ಗೆ ಬದಲಿಸಿದ್ದಷ್ಟಕ್ಕೇ ಮುಕ್ಕಾಲು ಪಾಲು ಇಳಿಯಿತು. ಉಳಿದದ್ದಕ್ಕೆ ಟಿವಿ ಮೆನುವಿನಲ್ಲಿ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ಏರಿಳಿಸುವ ಎರಡು ಹೊಂದಿಕೆ: ಬೆಳಕಿನ ತುದಿಯಲ್ಲಿ ಶೇ 80ರ ಚೌಕ ನೋಡಿ ಗೇನ್, ಕತ್ತಲ ತುದಿಯಲ್ಲಿ ಶೇ 30ರ ಚೌಕ ನೋಡಿ ಆಫ್‌ಸೆಟ್. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಆದ್ದರಿಂದ ನಾಲ್ಕೈದು ಸುತ್ತು ಬೇಕಾಗುತ್ತದೆ. ಡೆಲ್ಟಾ ಇ, ಅಂದರೆ ಇರಬೇಕಾದ ಬಣ್ಣಕ್ಕೂ ಪರದೆಯ ಬಣ್ಣಕ್ಕೂ ಇರುವ ಅಂತರದ ಅಂಕಿ, 3ರೊಳಗೆ ಬಂದರೆ ಸಾಕು. ಅದಕ್ಕಿಂತ ಸಣ್ಣ ತಪ್ಪನ್ನು ಬರಿಗಣ್ಣು ಹಿಡಿಯುವುದು ಕಷ್ಟ.

ಮರುದಿನ ಅಮ್ಮ ಕೇಳಿದರು: “ಯಾಕಪ್ಪಾ, ಟಿವಿಗೆ ಕಾಮಾಲೆಯೇ?” ಒಂದು ವಾರ ತಡೆದುಕೊಳ್ಳಿ ಎಂದೆ. ಎಂಟನೆಯ ದಿನ ಹಳೆಯ ಮೋಡ್ ಹಾಕಿ ತೋರಿಸಿದಾಗ ಅವರೇ ಹೇಳಿದರು: “ಅಯ್ಯೋ, ನೀಲಿ ಜಾಸ್ತಿ ಹಾಕಿ ಜಾಲಾಡಿಸಿದ ಬಟ್ಟೆಯ ಹಾಗಿದೆ.” ಇದಕ್ಕಿಂತ ಸರಿಯಾದ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ಬಟ್ಟೆಗೆ ನೀಲಿ ಹಾಕುವುದೂ ಬಿಳುಪು ಇನ್ನಷ್ಟು ಬಿಳುಪಾಗಿ ಕಾಣಲೆಂದೇ ತಾನೇ? ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಹತ್ತು ಟಿವಿಗಳ ಸಾಲಿನಲ್ಲಿ ಎದ್ದು ಕಾಣಬೇಕಾದ ಟಿವಿಗೂ ಅದೇ ಉಪಾಯ. ಆದರೆ ಚಿತ್ರ ತಯಾರಿಸುವವರು ಬಣ್ಣ ಹೊಂದಿಸುವುದು ಡಿ65 ಎಂಬ, ಸುಮಾರು 6500 ಕೆಲ್ವಿನ್‌ನ, ಇಷ್ಟು ನೀಲಿಯಿಲ್ಲದ ಬಿಳುಪಿಗೆ.

ಕಪ್ಪು ಬಿಳುಪಿನ ನಡುವಿನ ಛಾಯೆಗಳು ಎಷ್ಟು ಗಾಢವಾಗಬೇಕೆಂದು ತೀರ್ಮಾನಿಸುವ ಗಾಮಾ ಎಂಬ ಅಂಕಿಯ ವಿಷಯದಲ್ಲಿ ಎಡವಿದೆ. ಕತ್ತಲ ಕೋಣೆಗೆ ಒಪ್ಪುವ 2.4 ಇಟ್ಟೆ. ನಮ್ಮ ಹಾಲ್‌ಗೆ ಪಡುವಣ ಬಿಸಿಲು ನೇರ ಬೀಳುತ್ತದೆ. ಮಧ್ಯಾಹ್ನದ ಧಾರಾವಾಹಿಯಲ್ಲಿ ಅಮ್ಮನಿಗೆ ಮುಖಗಳೇ ಕಾಣಲಿಲ್ಲ. ಶೇ 10ರ ಸಿಗ್ನಲ್‌ಗೆ 2.2ರಲ್ಲಿ ಗರಿಷ್ಠ ಬೆಳಕಿನ ಶೇ 0.63 ಬಂದರೆ 2.4ರಲ್ಲಿ ಬರುವುದು ಶೇ 0.4 ಮಾತ್ರ. ಬಿಸಿಲಿನೆದುರು ಅಷ್ಟು ಬೆಳಕು ಏನೇನೂ ಸಾಲದು. ಈಗ ಹಗಲಿಗೆ 2.2ರ ಒಂದು ಮೋಡ್, ರಾತ್ರಿಗೆ 2.4ರ ಇನ್ನೊಂದು.

ಇಷ್ಟೆಲ್ಲಾ ಪಾಡಿಗೆ ಫಲ ಸಿಕ್ಕಿದ್ದು ದಸರಾ ದಿನ. ಆನೆಯ ಮೈಯೇ ಒಂದು ಬೂದು ಚೌಕವಲ್ಲವೇ! ಜಂಬೂಸವಾರಿಯ ಆನೆಗಳ ಚರ್ಮ ಹಿಂದಿನ ವರ್ಷ ಹಲಗೆ ಕಲ್ಲಿನಂತೆ ನೀಲಿಗಟ್ಟಿತ್ತು. ಈ ಸಲ ಮಡಿಕೆ ಮಡಿಕೆಯೂ ಬೇರೆ, ಕಿವಿಯಂಚಿನ ಗುಲಾಬಿ ಬೇರೆ, ಮೈಮೇಲೆ ಬರೆದ ಚಿತ್ತಾರ ಬೇರೆ. ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪಂಜಿನ ಹಿಂದಿದ್ದ ಕೈಗಳೂ ಕಂಡವು. ಕೊಟ್ಟ ಹಣದ ಚಿಂತೆ ಅಂದಿಗೆ ಬಿಟ್ಟಿತು.

ಹದಿನಾಲ್ಕನೆಯ ತಿಂಗಳಲ್ಲಿ ಟಿವಿ ತಾನಾಗಿಯೇ ತಂತ್ರಾಂಶ ನವೀಕರಿಸಿಕೊಂಡಿತು. ಬೆಳಗ್ಗೆ ನೋಡಿದರೆ ಗೇನ್, ಆಫ್‌ಸೆಟ್ ಎಲ್ಲ ಸೊನ್ನೆ, ಬಿಳುಪು ಮತ್ತೆ ನೀಲಿ. ಕಂಪನಿಯ ಸಹಾಯವಾಣಿಯವರು “ಸ್ಟ್ಯಾಂಡರ್ಡ್ ಮೋಡ್ ಚೆನ್ನಾಗಿದೆ, ಅದನ್ನೇ ಬಳಸಿ” ಎಂದರು. ಆ ಕೋಪ ನನಗೆ ಇನ್ನೂ ಇಳಿದಿಲ್ಲ. ಗ್ರಾಹಕ ರಾತ್ರಿಗಟ್ಟಲೆ ಕೂತು ಹೊಂದಿಸಿದ್ದನ್ನು ಒಂದು ಮಾತೂ ಕೇಳದೆ ಒರೆಸಿಹಾಕುವುದು ಅನ್ಯಾಯ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಅಂಕಿಗಳನ್ನು ಬರೆದಿಟ್ಟಿದ್ದರಿಂದ ಬದುಕಿದೆ. ನೀವೂ ಬರೆದಿಡಿ, ತಾನಾಗಿ ನವೀಕರಿಸಿಕೊಳ್ಳುವ ಆಯ್ಕೆಯನ್ನೂ ಆಫ್ ಮಾಡಿ. ಹಾಗೆ ಮರಳಿ ಹಾಕಿದ ಮೇಲೂ ಶೇ 20ರ ಚೌಕ ಕೆಂಪಿಗೆ ವಾಲಿತ್ತು, ಇಡೀ ಅಳತೆಯನ್ನು ಹೊಸದಾಗಿ ಮಾಡಬೇಕಾಯಿತು.

ಮನೆಯಲ್ಲಿ ಒಂದೇ ಟಿವಿ ಇರುವವರು ಇದಕ್ಕೆ ದುಡ್ಡು ಹಾಕಬೇಡಿ. ವಾರ್ಮ್ ಆಯ್ಕೆಗೆ ಕಾಸು ಖರ್ಚಿಲ್ಲ. ಅದಕ್ಕೂ ಮೇಲೆ ಬೇಕೆನಿಸಿದರೆ ನಾಲ್ಕು ಮನೆಯವರು ಸೇರಿ ಒಂದು ಮೀಟರ್ ಕೊಳ್ಳಿ. ನಮ್ಮ ಬೀದಿಯ ಮೂರು ಟಿವಿಗಳನ್ನು ಆಗಲೇ ಅಳೆದಾಗಿದೆ. ಸದ್ಯ ಮೀಟರ್ ಮದ್ದೂರಿನಲ್ಲಿ ಭಾವನ ಮನೆಯಲ್ಲಿದೆ. ದಸರೆಗೆ ಮುಂಚೆ ಹೋಗಿ ತರಬೇಕು.