ಪೆಟ್ಟು ಹೆಚ್ಚಿಸಬೇಡಿ, ಸೊನ್ನೆಗೆ ಬೆಲೆ ಕಟ್ಟಿ: ಡಂಜನ್ ಮಾಸ್ಟರ್ಸ್ ಗೈಡ್‌ನ ಐಚ್ಛಿಕ ನಿಯಮಗಳ ವಿಮರ್ಶೆ

ದಾಳ ಎಸೆಯುತ್ತಾ, ಪಾತ್ರ ವಹಿಸುತ್ತಾ ಕತೆ ಕಟ್ಟುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಪಾತ್ರಗಳು ಸುಲಭಕ್ಕೆ ಸಾಯುವುದಿಲ್ಲ ಅನ್ನುವುದು ಹಳೇ ದೂರು. ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನ 9ನೇ ಅಧ್ಯಾಯದಲ್ಲಿ ಇದಕ್ಕೆ ಕೆಲವು ಮದ್ದುಗಳಿವೆ. ಒಂದು ಚೆನ್ನಾಗಿದೆ, ಒಂದನ್ನು ತಿದ್ದಿ ಬಳಸಬಹುದು, ಒಂದಂತೂ ಆಟವನ್ನೇ ಕೆಡಿಸುತ್ತದೆ.

ಮೊದಲು ರೋಗದ ಮೂಲ ನೋಡೋಣ. ಹಿಟ್ ಪಾಯಿಂಟ್ (ಪಾತ್ರದ ಜೀವಬಲ) ಸೊನ್ನೆಗಿಳಿದವರು ಪ್ರತಿ ಸರದಿಯಲ್ಲೂ ಡಿ20, ಅಂದರೆ ಇಪ್ಪತ್ತು ಮುಖದ ದಾಳ ಎಸೆಯಬೇಕು. ಇದೇ ಡೆತ್ ಸೇವ್. 10ಕ್ಕಿಂತ ಕಡಿಮೆ ಬಿದ್ದರೆ ಫೇಲ್, ಮೂರು ಫೇಲಾದರೆ ಸಾವು. ಆದರೆ ಅಷ್ಟರೊಳಗೆ ಕ್ಲೆರಿಕ್ (ಪುರೋಹಿತ ಪಾತ್ರ) 60 ಅಡಿ ದೂರದಿಂದ ಹೀಲಿಂಗ್ ವರ್ಡ್ ಮಂತ್ರ ಹೇಳಿದರೆ ಸಾಕು, ಬಿದ್ದವನು ಎದ್ದು ಮತ್ತೆ ಕತ್ತಿ ಬೀಸುತ್ತಾನೆ. ಹಳೇ ಫೇಲುಗಳೂ ಅಳಿಸಿಹೋಗುತ್ತವೆ. ಸಾವಿನ ಭಯ ಸೋರಿಹೋಗುವುದು ಇಲ್ಲೇ, ಪೆಟ್ಟಿನ ಪ್ರಮಾಣದಲ್ಲಲ್ಲ.

ಮ್ಯಾಸಿವ್ ಡ್ಯಾಮೇಜ್ ನಿಯಮ ಎಡವುವುದೂ ಇದೇ ಕಾರಣಕ್ಕೆ. ಒಂದೇ ಏಟಿಗೆ ಗರಿಷ್ಠ ಹಿಟ್ ಪಾಯಿಂಟ್‌ನ ಅರ್ಧ ಹೋದರೆ ಡಿಸಿ 15ರ ಕಾನ್‌ಸ್ಟಿಟ್ಯೂಷನ್ ಸೇವ್, ಅಂದರೆ ಡಿ20ಗೆ ದೇಹದಾರ್ಢ್ಯದ ಬೋನಸ್ ಸೇರಿಸಿ 15 ಮುಟ್ಟಬೇಕು. ತಪ್ಪಿದರೆ ಡಿ10ರ ಪಟ್ಟಿ, ಅದರಲ್ಲಿ 1ರಿಂದ 3 ಬಿದ್ದರೆ ನೇರ ಸೊನ್ನೆ. ಮೊದಲ ಲೆವೆಲ್‌ನ ವಿಜರ್ಡ್ (ಮಂತ್ರವಾದಿ), ಕಾನ್‌ಸ್ಟಿಟ್ಯೂಷನ್ 14 (ಬೋನಸ್ +2), ಹಿಟ್ ಪಾಯಿಂಟ್ 8 ಅಂದುಕೊಳ್ಳಿ. ಗಾಬ್ಲಿನ್‌ನ ಪೆಟ್ಟು ಡಿ6+2. ದಾಳದಲ್ಲಿ ಬರೀ 2 ಬಿದ್ದರೂ ಅರ್ಧ ಹೋಯಿತು. ಅಂದರೆ ತಗುಲಿದ ಆರರಲ್ಲಿ ಐದು ಏಟಿಗೆ ಸೇವ್, ಅದೂ ಶೇ 60ರಷ್ಟು ಫೇಲ್. ಅದೇ ಹತ್ತನೇ ಲೆವೆಲ್‌ನ ಫೈಟರ್‌ಗೆ 94 ಹಿಟ್ ಪಾಯಿಂಟ್ ಇದ್ದರೆ ಒಂದೇ ಏಟಿಗೆ 47 ಹೋಗುವುದು ಅಪರೂಪ. ಮೊದಲೇ ಅಪಾಯವಿರುವ ಕಡೆ ಕೊಲ್ಲುತ್ತದೆ, ಬೇಕಾದ ಕಡೆ ನಿದ್ದೆ ಮಾಡುತ್ತದೆ. ಇದನ್ನು ಕೈಬಿಡಿ.

ಲಿಂಗರಿಂಗ್ ಇಂಜುರಿ (ಉಳಿದುಹೋಗುವ ಗಾಯ) ಪಟ್ಟಿಯ ರುಚಿ ಚೆನ್ನಾಗಿದೆ. ಡಿ20ಯಲ್ಲಿ 1 ಬಿದ್ದರೆ ಕಣ್ಣು, 2 ಬಿದ್ದರೆ ಕೈ, 3 ಬಿದ್ದರೆ ಕಾಲು ಹೋಯಿತು. ತೊಂದರೆ ಇರುವುದು ಕ್ರಿಟಿಕಲ್ ಹಿಟ್‌ಗೂ (ದಾಳದಲ್ಲಿ 20 ಬಿದ್ದ ಏಟು) ಗಾಯ ಅನ್ನುವ ಸಾಲಿನಲ್ಲಿ. ರಾಕ್ಷಸರು ಒಂದು ಕಾಳಗಕ್ಕೆ ಬಂದು ಸಾಯುತ್ತಾರೆ, ಆಟಗಾರರು ಇಡೀ ಕ್ಯಾಂಪೇನ್, ಅಂದರೆ ಕತೆಯುದ್ದಕ್ಕೂ ಕ್ರಿಟಿಕಲ್ ತಿನ್ನುತ್ತಾರೆ. ಹೋದ ಅಂಗ ಮರಳಿಸುವ ರೀಜನರೇಟ್ ಏಳನೇ ಹಂತದ ಮಂತ್ರ, ಕ್ಲೆರಿಕ್‌ಗೆ ಸಿಗುವುದು 13ನೇ ಲೆವೆಲ್‌ಗೆ. ಸೊನ್ನೆಗಿಳಿದಾಗ ಮಾತ್ರ ಪಟ್ಟಿ ತೆಗೆಯಿರಿ.

ಸ್ಲೋ ನ್ಯಾಚುರಲ್ ಹೀಲಿಂಗ್ ಕಣ್ಣು ಮುಚ್ಚಿ ಬಳಸಬಹುದು. ಲಾಂಗ್ ರೆಸ್ಟ್ (ರಾತ್ರಿಯ ಪೂರ್ಣ ವಿಶ್ರಾಂತಿ) ಆದ ಮೇಲೂ ಹಿಟ್ ಪಾಯಿಂಟ್ ತಾನಾಗಿ ತುಂಬುವುದಿಲ್ಲ, ಹಿಟ್ ಡೈಸ್ (ಎಸೆದು ಹಿಟ್ ಪಾಯಿಂಟ್ ಮರಳಿ ಪಡೆಯುವ ದಾಳಗಳು) ಖರ್ಚು ಮಾಡಬೇಕು. ಅವೂ ಒಂದು ರೆಸ್ಟ್‌ಗೆ ಅರ್ಧ ಮಾತ್ರ ಮರಳುತ್ತವೆ. ಎರಡನೇ ದಿನಕ್ಕೇ ಆಟಗಾರರು ಲೆಕ್ಕ ಹಾಕಿ ಹೆಜ್ಜೆ ಇಡುತ್ತಾರೆ.

ಇದರ ಜೊತೆಗೆ ಅನೇಕರು ಸೊನ್ನೆಯಿಂದ ಎದ್ದಾಗಲೆಲ್ಲ ಒಂದು ಹಂತ ಎಕ್ಸಾಶನ್ (ಬಳಲಿಕೆ) ಕೊಡುತ್ತಾರೆ. ಒಳ್ಳೆಯದೇ, ಆದರೆ 2014ರ ನಿಯಮದಲ್ಲಿ ಮೂರನೇ ಹಂತಕ್ಕೆ ಸೇವ್‌ಗಳಿಗೂ ಡಿಸ್‌ಅಡ್ವಾಂಟೇಜ್ (ಎರಡು ಸಲ ಎಸೆದು ಕಡಿಮೆ ಬಿದ್ದದ್ದನ್ನೇ ತೆಗೆದುಕೊಳ್ಳುವುದು) ಬರುತ್ತದೆ. ಡೆತ್ ಸೇವ್ ಪಾಸಾಗುವ ಸಾಧ್ಯತೆ ಶೇ 55ರಿಂದ ಸುಮಾರು 30ಕ್ಕೆ ಕುಸಿಯುತ್ತದೆ. ಲಾಂಗ್ ರೆಸ್ಟ್‌ಗೆ ಏಳು ದಿನ ಹಿಡಿಯುವ ಗ್ರಿಟಿ ರಿಯಲಿಸಂ ಕೂಡ ಸೇರಿಸಿದರೆ ಒಂದು ಹಂತ ಇಳಿಯಲು ಒಂದು ವಾರ ಬೇಕು. ಇವೆರಡನ್ನೂ ಒಟ್ಟಿಗೆ ತರಲೇಬೇಡಿ.

ಲೆಕ್ಕ ಬೇಡ ಅನ್ನುವವರು ಡೆತ್ ಸೇವ್ ಫೇಲುಗಳನ್ನು ಲಾಂಗ್ ರೆಸ್ಟ್‌ವರೆಗೆ ಅಳಿಸದೆ ಉಳಿಸಿಕೊಂಡರೆ ಸಾಕು. ಹಾಳೆಯ ಮೇಲೆ ಎರಡು ಗುರುತು ಉಳಿದವನು ಮುಂದಿನ ಬಾಗಿಲು ತೆರೆಯುವ ಮುನ್ನ ಖಂಡಿತ ಯೋಚಿಸುತ್ತಾನೆ. ಯಾವುದನ್ನೇ ಆರಿಸಿದರೂ ಪಾತ್ರ ಬರೆಯುವ ದಿನವೇ ಎಲ್ಲರಿಗೂ ಹೇಳಿಬಿಡಿ. ಕ್ಯಾಂಪೇನ್ ನಡುವೆ ತಂದ ನಿಯಮಕ್ಕೆ ಸತ್ತ ಪಾತ್ರವನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ.