ಒಂದು ಮಿಲಿಲೀಟರಿನ ಎರಡು ಸಿರಿಂಜುಗಳು: ತರಗತಿಗೆ ಕೊಂಡ ಅಳತೆ ಸಾಮಾನುಗಳ ವಿಮರ್ಶೆ

ನರ್ಸಿಂಗ್ ಮೊದಲ ವರ್ಷದವರಿಗೆ ಏಕಮಾನ ಪರಿವರ್ತನೆ ಕಲಿಸಲು ದುಬಾರಿ ಮಾದರಿಗಳಾಗಲಿ ಬಣ್ಣಬಣ್ಣದ ಪಟಗಳಾಗಲಿ ಬೇಕಿಲ್ಲ. ಊರಿನ ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕಾರು ಸಾಮಾನು ಸಾಕು. ದಾವಣಗೆರೆಯಲ್ಲಿ ಪಾಠ ಮಾಡುವ ನಾನು ಈ ವರ್ಷ ಅಂಥದೊಂದು ಚೀಲ ತುಂಬಿಸಿಕೊಂಡು ಬಂದೆ. ನನ್ನ ವಿದ್ಯಾರ್ಥಿನಿಯರಲ್ಲಿ ಬಹುಪಾಲು ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಸಾವಿರ ಮೈಕ್ರೋಗ್ರಾಂ ಒಂದು ಮಿಲಿಗ್ರಾಂ ಎಂದು ಅವರಿಗೆ ಕಂಠಪಾಠವಿದೆ. ಆದರೆ ಬಾಟಲಿಯನ್ನೂ ಸಿರಿಂಜನ್ನೂ ಕೈಗೆ ಕೊಟ್ಟು ಎಷ್ಟು ಎಳೆಯಬೇಕು ಎಂದು ಕೇಳಿದರೆ ತಡವರಿಸುತ್ತಾರೆ. ನಮ್ಮ ಪಠ್ಯಕ್ರಮದಲ್ಲಿ ರಸಾಯನಶಾಸ್ತ್ರದ ಅಳತೆ ಒಂದು ಕಡೆ, ವಾರ್ಡಿನ ಔಷಧ ಇನ್ನೊಂದು ಕಡೆ ಉಳಿದುಬಿಡುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲೆ ತರುವ ಸಾಮಾನು ಯಾವುದು ಎಂಬುದೊಂದೇ ನನ್ನ ಒರೆಗಲ್ಲು.

ಆ ಒರೆಗೆ ಹಚ್ಚಿದಾಗ ಗೆದ್ದದ್ದು ಇನ್ಸುಲಿನ್ ಸಿರಿಂಜುಗಳ ಜೋಡಿ. ಕೆಂಪು ಮುಚ್ಚಳದ್ದು ಒಂದು, ಕಿತ್ತಳೆ ಮುಚ್ಚಳದ್ದು ಇನ್ನೊಂದು. ಎರಡರಲ್ಲೂ ಹಿಡಿಯುವುದು ಒಂದೇ ಮಿಲಿಲೀಟರ್. ಆದರೆ ಕೆಂಪು ಮುಚ್ಚಳದ್ದರ ಮೇಲೆ 40ರವರೆಗೆ ಗೆರೆಗಳಿವೆ, ಕಿತ್ತಳೆ ಮುಚ್ಚಳದ್ದರ ಮೇಲೆ 100ರವರೆಗೆ. ಕಾರಣ ಇಷ್ಟೇ: ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವ 10 ಮಿಲಿಲೀಟರಿನ ಇನ್ಸುಲಿನ್ ವಯಲಿನಲ್ಲಿ, ಅಂದರೆ ರಬ್ಬರ್ ಮುಚ್ಚಳದ ಪುಟ್ಟ ಬಾಟಲಿಯಲ್ಲಿ, ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಪೆನ್ನಿಗೆ ಹಾಕುವ 3 ಮಿಲಿಲೀಟರಿನ ಕಾರ್ಟ್ರಿಜ್‌ನಲ್ಲಿ ಮಿಲಿಲೀಟರಿಗೆ 100 ಯೂನಿಟ್. ಕೆಲವು ವಯಲುಗಳೂ 100ರ ಸಾಂದ್ರತೆಯಲ್ಲಿ ಬರುತ್ತವೆ. ಹೀಗಾಗಿ ಒಂದೇ ಔಷಧದ ಅಂಗಡಿಯಲ್ಲಿ, ಒಂದೇ ಮನೆಯ ಫ್ರಿಜ್ಜಿನಲ್ಲಿ ಎರಡೂ ಸಾಂದ್ರತೆಗಳು ಅಕ್ಕಪಕ್ಕ ಕುಳಿತಿರುತ್ತವೆ.

ತರಗತಿಯಲ್ಲಿ ಬಣ್ಣದ ನೀರು ಇಟ್ಟು, ಎರಡೂ ಸಿರಿಂಜುಗಳಲ್ಲಿ 20ರ ಗೆರೆಯವರೆಗೆ ಎಳೆಯಲು ಹೇಳಿದೆ. ಎಳೆದ ನೀರನ್ನು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟ ಬಟ್ಟಲಿಗೆ ಒಂದೊಂದಾಗಿ ಬಿಡಿಸಿದೆ. ಕೆಂಪು ಮುಚ್ಚಳದ್ದು 0.50 ಗ್ರಾಂ ತೋರಿಸಿತು. ಬಟ್ಟಲು ಒರೆಸಿ, ಸೊನ್ನೆಗೆ ತಂದು ಮತ್ತೆ ನೋಡಿದರೆ ಕಿತ್ತಳೆಯದ್ದು 0.20. ನೀರಿನ ಒಂದು ಮಿಲಿಲೀಟರ್ ಸುಮಾರು ಒಂದು ಗ್ರಾಂ ತೂಗುವುದರಿಂದ, ಅರ್ಧ ಮಿಲಿಲೀಟರ್ ಎಲ್ಲಿ, ಐದನೇ ಒಂದು ಭಾಗ ಎಲ್ಲಿ ಎಂಬುದು ಕಣ್ಣಿಗೇ ಕಂಡಿತು. ಮುಂದಿನ ಸಾಲಿನ ಹುಡುಗಿ, "ಮೇಡಂ, ಎರಡರಲ್ಲೂ 20 ಎಂದೇ ಬರೆದಿದೆಯಲ್ಲ!" ಎಂದಳು. ನನಗೆ ಬೇಕಾಗಿದ್ದ ಪ್ರಶ್ನೆ ಅದೇ. 40ರ ವಯಲಿನಿಂದ ಕಿತ್ತಳೆ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯೂನಿಟ್ ಮಾತ್ರ, ಸಕ್ಕರೆ ಇಳಿಯುವುದಿಲ್ಲ. 100ರ ವಯಲಿನಿಂದ ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಹೋಗುವುದು 50 ಯೂನಿಟ್. ರೋಗಿ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ. ಹೆಚ್ಚಾದರೂ ಎರಡೂವರೆ ಪಟ್ಟು, ಕಡಿಮೆಯಾದರೂ ಎರಡೂವರೆ ಪಟ್ಟು. ಕೆಂಪು ಸಿರಿಂಜಿನ ಒಂದು ಸಣ್ಣ ಗೆರೆ ಒಂದು ಯೂನಿಟ್, ಕಿತ್ತಳೆ ಸಿರಿಂಜಿನಲ್ಲಿ ಅದು ಎರಡು ಯೂನಿಟ್ ಎಂಬುದನ್ನು ಅವರೇ ಎಣಿಸಿ ಕಂಡುಕೊಂಡರು. ಒಂದಕ್ಕೆ ಹತ್ತು ರೂಪಾಯಿಯ ಆಸುಪಾಸಿನ ಈ ಸಿರಿಂಜಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಇನ್ಸುಲಿನ್ ಹಿಡಿದು ಕುಳಿತಾಗಲೇ ಅಂತರರಾಷ್ಟ್ರೀಯ ಯೂನಿಟ್ಟಿನ ಮಾತನ್ನೂ ಮುಗಿಸಿಬಿಡುವುದು ಒಳ್ಳೆಯದು. ಇದು ತೂಕದ ಅಳತೆಯಲ್ಲ, ಔಷಧ ದೇಹದಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಅಳತೆ. ಆದ್ದರಿಂದ ಪ್ರತಿ ಔಷಧಕ್ಕೂ ಲೆಕ್ಕ ಬೇರೆ. ಮಾನವ ಇನ್ಸುಲಿನ್ನಿನ ಒಂದು ಯೂನಿಟ್ ಎಂದರೆ 0.0347 ಮಿಲಿಗ್ರಾಂ, ವಿಟಮಿನ್ ಡಿಯ 40 ಯೂನಿಟ್ ಸೇರಿದರೆ ಒಂದು ಮೈಕ್ರೋಗ್ರಾಂ. ವಾರಕ್ಕೊಮ್ಮೆ ಹಾಲಿಗೆ ಕಲಸಿ ಕುಡಿಯುವ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯ ಪೊಟ್ಟಣ ಎಲ್ಲರ ಮನೆಯಲ್ಲೂ ಗೊತ್ತು. ಅದರಲ್ಲಿರುವ ವಿಟಮಿನ್ ಬರೀ ಒಂದೂವರೆ ಮಿಲಿಗ್ರಾಂ ಎಂದು ಲೆಕ್ಕ ಮಾಡಿಸಿದಾಗ ತರಗತಿಯೇ ಬೆರಗಾಯಿತು.

ಮುಂದಿನದು ಮಕ್ಕಳ ಸಿರಪ್ಪಿನ ಜೊತೆ ಬರುವ ಪ್ಲಾಸ್ಟಿಕ್ ಲೋಟ. ಇದು ನನಗೆ ಹಿಡಿಸಲಿಲ್ಲ. ಗೆರೆಗಳು ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಕೊಂಡಿರುತ್ತವೆ, ಬಣ್ಣವಿಲ್ಲ. ಸಂಜೆಯ ಬೆಳಕಿನಲ್ಲಿ ಓದಲಾಗುವುದಿಲ್ಲ. ಬಾಯಿ ಅಗಲವಾದ್ದರಿಂದ ಮಟ್ಟ ಕೂದಲೆಳೆಯಷ್ಟು ಏರಿದರೂ ಔಷಧ ಬಹಳ ಹೆಚ್ಚಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬೇಕಾದ ಗೆರೆಯೇ ಅದರಲ್ಲಿ ಇರುವುದಿಲ್ಲ. ಹತ್ತು ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದಾರೆ ಎನ್ನಿ, ಅಂದರೆ 150 ಮಿಲಿಗ್ರಾಂ. ಅಂಗಡಿಯಲ್ಲಿ ಇದಕ್ಕೆ ಮೂರು ಬಗೆಯ ಬಾಟಲಿಗಳು ಸಿಗುತ್ತವೆ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿಲಿಲೀಟರ್ ಕೊಡಬೇಕು. 250 ಮಿಲಿಗ್ರಾಂ ಇರುವ ಗಟ್ಟಿ ಸಿರಪ್ ಆದರೆ 3. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ. ಮಗು ಒಂದೇ, ಔಷಧ ಒಂದೇ, ಕೊಡುವ ಮಿಲಿಲೀಟರ್ ಮೂರು ಬೇರೆ. ನಾನು ತಂದ ಲೋಟದಲ್ಲಿ 2.5, 5 ಮತ್ತು 10ರ ಗೆರೆ ಇದೆ, ಈ ಮೂರಕ್ಕೂ ಗೆರೆ ಇಲ್ಲ. ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜು ತೆಗೆದುಕೊಂಡರೆ ಮೂರನ್ನೂ ಸಲೀಸಾಗಿ ಅಳೆಯಬಹುದು. ಪುಟ್ಟ ಮಕ್ಕಳಿರುವ ಮನೆಯವರೆಲ್ಲ ಅದೊಂದನ್ನು ಕೊಂಡಿಟ್ಟುಕೊಳ್ಳಬೇಕೆಂದು ನನ್ನ ಕಳಕಳಿಯ ಕೋರಿಕೆ.

ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಸುವಾಗ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ: ಅಂಕಿಯ ಪಕ್ಕದ ಏಕಮಾನವನ್ನು ಕೊನೆಯವರೆಗೂ ಬಿಡಬಾರದು. 150 ಮಿ.ಗ್ರಾಂ × 5 ಮಿ.ಲೀ. ÷ 125 ಮಿ.ಗ್ರಾಂ. ಮಿಲಿಗ್ರಾಮಿಗೆ ಮಿಲಿಗ್ರಾಂ ಹೊಡೆದುಹೋಗಿ ಮಿಲಿಲೀಟರ್ ಉಳಿಯಿತು. ಉತ್ತರ 6 ಮಿ.ಲೀ. ಭಾಗಿಸಬೇಕಾದಲ್ಲಿ ಗುಣಿಸಿದರೆ ಮಿಲಿಗ್ರಾಮಿನ ವರ್ಗವೋ ಮತ್ತೊಂದೋ ಉಳಿದು, ಎಡವಟ್ಟಾಗಿದೆ ಎಂದು ತಾನೇ ಕೂಗಿ ಹೇಳುತ್ತದೆ.

ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿಲೀಟರಿನ ಆಂಪೂಲನ್ನು ರಸಾಯನಶಾಸ್ತ್ರದ ಪಾಠಕ್ಕೆಂದೇ ತಂದೆ. ಮಿಲಿಲೀಟರಿಗೆ 150 ಮಿಲಿಗ್ರಾಂ, ಒಟ್ಟು ಒಂದೂವರೆ ಗ್ರಾಂ. ಪೊಟ್ಯಾಸಿಯಮ್ಮಿನ ಪರಮಾಣು ತೂಕ 39.1, ಕ್ಲೋರಿನ್ನಿನದು 35.5, ಕೂಡಿದರೆ 74.6; ಒಂದು ಮಿಲಿಮೋಲ್ ಎಂದರೆ ಅಷ್ಟು ಮಿಲಿಗ್ರಾಂ. 1500ನ್ನು 74.6ರಿಂದ ಭಾಗಿಸಿದರೆ 20 ಮಿಲಿಮೋಲ್. ಮಿಲಿಮೋಲನ್ನು ವೇಲೆನ್ಸಿಯಿಂದ ಗುಣಿಸಿದರೆ ಸಿಗುವುದು ಮಿಲಿ ಇಕ್ವಿವಲೆಂಟ್; ಪೊಟ್ಯಾಸಿಯಮ್ಮಿನ ವೇಲೆನ್ಸಿ ಒಂದು ಆದ್ದರಿಂದ ಅದೂ ಅಷ್ಟೇ. ವೈದ್ಯರು ಆದೇಶ ಬರೆಯುವುದು ಮಿಲಿ ಇಕ್ವಿವಲೆಂಟಿನಲ್ಲೇ. ಆವರ್ತ ಕೋಷ್ಟಕದ ಅಂಕಿಯೊಂದು ವಾರ್ಡಿನ ಕೇಸ್ ಶೀಟಿನವರೆಗೆ ಬರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದನ್ನು ಸಲೈನಿನಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ ಎಂಬುದನ್ನೂ ಆಗಲೇ ಹೇಳುತ್ತೇನೆ. ಹಾಗಾಗಿ ತರಗತಿ ಮುಗಿದ ಕೂಡಲೇ ಆಂಪೂಲು ನನ್ನ ಬೀರುವಿಗೆ, ಬೀಗದೊಳಗೆ.

ಡ್ರಿಪ್ ಸೆಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಹನಿಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರ್, ಸಣ್ಣ ಹನಿಯದ್ದರಲ್ಲಿ 60ಕ್ಕೆ. ಹನಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ, ಓದಿಯೇ ಲೆಕ್ಕ ಹಾಕಬೇಕು. ನಾಲ್ಕು ಗಂಟೆಯಲ್ಲಿ 500 ಮಿಲಿಲೀಟರ್ ಹೋಗಬೇಕಾದರೆ ದೊಡ್ಡ ಸೆಟ್ಟಿನಲ್ಲಿ ನಿಮಿಷಕ್ಕೆ 42 ಹನಿ. ಕೈಗಡಿಯಾರ ಹಿಡಿದು ಹನಿ ಎಣಿಸಿದ ಮೇಲೆ ಯಾರೂ ಗಂಟೆಯನ್ನು ನಿಮಿಷವಾಗಿಸುವುದನ್ನು ಮರೆಯಲಿಲ್ಲ.

ಗಾಜಿನ 100 ಮಿಲಿಲೀಟರಿನ ಅಳತೆ ಜಾಡಿ ಬಾಳಿಕೆಗೆ ಬರುವ ವಸ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ನೀರಿನ ಮೇಲ್ಮೈ ಬಾಗಿದ ಕೆಳತುದಿಯನ್ನು ಕಣ್ಣಿನ ಮಟ್ಟಕ್ಕೆ ತಂದು ಓದುವ ಅಭ್ಯಾಸ ಇದರಲ್ಲಿ ಚೆನ್ನಾಗಿ ಆಗುತ್ತದೆ. ತಕ್ಕಡಿ ಒಂದು ಗ್ರಾಮಿನ ನೂರನೇ ಭಾಗದವರೆಗೆ ತೋರಿಸುವ ಜೇಬಿನ ಮಾದರಿ. ಇದರ ಮೇಲೆ 9 ಗ್ರಾಂ ಉಪ್ಪು ತೂಗಿ, ಒಟ್ಟು ಒಂದು ಲೀಟರ್ ಆಗುವಂತೆ ನೀರು ಸೇರಿಸಿ ಶೇಕಡ 0.9ರ ದ್ರಾವಣದ ಲೆಕ್ಕವನ್ನು ತೋರಿಸಿದೆ. ಕುಂದು ಒಂದೇ: ಫ್ಯಾನ್ ತಿರುಗುತ್ತಿದ್ದರೆ ಅಂಕಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಅರವತ್ತು ಮಂದಿಯನ್ನು ಕೂರಿಸುವುದು ಕಷ್ಟ. ರಟ್ಟಿನ ಪೆಟ್ಟಿಗೆಯೊಂದನ್ನು ಮೂರು ಕಡೆ ಮರೆಯಾಗಿ ಇಟ್ಟರೆ ಸಾಕಾಗುತ್ತದೆ.

ದುಡ್ಡು ದಂಡವಾದದ್ದು ಲ್ಯಾಮಿನೇಟ್ ಮಾಡಿದ ಪರಿವರ್ತನಾ ಪಟಕ್ಕೆ. ಅದರಲ್ಲಿ ಅರ್ಧ ಮಿಲಿಲೀಟರನ್ನು ಬಿಂದುವಿನ ಹಿಂದೆ ಸೊನ್ನೆ ಇಲ್ಲದೆ .5 ಎಂದು ಅಚ್ಚು ಹಾಕಿದ್ದಾರೆ. ಬಿಂದು ಮಸುಕಾದರೆ ಅದು 5, ಹತ್ತು ಪಟ್ಟು ಔಷಧ. ಇನ್ನೊಂದು ಕಡೆ ಒಂದು ಮಿಲಿಗ್ರಾಮನ್ನು 1.0 ಎಂದಿದ್ದಾರೆ, ಅದೇ ಬಿಂದು ಅಳಿಸಿದರೆ 10. ಬಿಂದುವಿಗೆ ಮುಂಚೆ ಸೊನ್ನೆ ಇರಲೇಬೇಕು, ಪೂರ್ಣಾಂಕದ ನಂತರ ಸೊನ್ನೆ ಇರಲೇಬಾರದು ಎಂಬುದು ಔಷಧ ಬರೆಯುವವರೆಲ್ಲ ಒಪ್ಪಿರುವ ನಿಯಮ. ಕಲಿಸಲೆಂದೇ ಅಚ್ಚಾದ ಪಟ ಅದನ್ನು ಮುರಿದದ್ದು ನನಗೆ ಸಿಟ್ಟು ತರಿಸಿತು. ಪಟವನ್ನು ಅಂಗಡಿಗೆ ಹಿಂದಿರುಗಿಸಿದೆ. ಆ ಪಟದ ಮೂಲೆಯಲ್ಲಿದ್ದ ಒಂದು ಹಳೆಯ ಅಳತೆ ಮಾತ್ರ ಬರೆದಿಟ್ಟುಕೊಳ್ಳುವಂಥದ್ದು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ 650ರ ಅಂಕಿ ಆ ಹತ್ತು ಗ್ರೇನಿನ ಲೆಕ್ಕದಿಂದ ಬಂದದ್ದು. 325ರ ಮಾತ್ರೆ ಐದು ಗ್ರೇನಿನದು.

ಇಂಥ ಸಾಮಾನು ಕೊಳ್ಳಬೇಕೆಂದಿರುವ ಉಪನ್ಯಾಸಕರಿಗೆ ಇನ್ನೆರಡು ಮಾತು. ಸಿರಿಂಜಿನ ಪೆಟ್ಟಿಗೆ ಒಡೆಯುವ ಮುನ್ನ ಒಂದನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ ನೋಡಿ. ನನಗೆ ಮೊದಲು ಕೊಟ್ಟ ಹೆಸರಿಲ್ಲದ ಅಗ್ಗದ ಸರಕಿನಲ್ಲಿ ಗೆರೆಗಳು ಬೆರಳಿಗೇ ಅಂಟಿಕೊಂಡು ಬಂದವು, ಬದಲಿಸಿಕೊಂಡೆ. ಇನ್ಸುಲಿನ್ ಸಿರಿಂಜಿನ ಸೂಜಿ ಬೇರ್ಪಡುವುದಿಲ್ಲ, ಆದ್ದರಿಂದ ಬರೀ ಬಣ್ಣದ ನೀರು ತುಂಬಿದ್ದೇ ಆದರೂ ಅದನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಯೊಂದನ್ನು ಅದೇ ಅಂಗಡಿಯಲ್ಲಿ ಕೊಂಡು, ತುಂಬಿದ ಮೇಲೆ ನಿಮ್ಮ ಆಸ್ಪತ್ರೆಯ ಜೈವಿಕ ತ್ಯಾಜ್ಯದ ಗಾಡಿಗೆ ಒಪ್ಪಿಸಿ.