ಬೇಸಿಗೆಯಲ್ಲಿ ಕಾರು ಚಾರ್ಜ್: ಸಂಜೆಯೋ, ನಡುರಾತ್ರಿಯೋ, ಮಟಮಟ ಮಧ್ಯಾಹ್ನವೋ?

"ಮೊದಲೇ ಕರೆಂಟ್ ಇಲ್ಲ. ನೀವೆಲ್ಲ ಕಾರಿಗೂ ಹಾಕ್ಕೊಂಡ್ರೆ ನಮ್ಮ ಮನೆ ಫ್ಯಾನ್ ತಿರುಗೋದು ಹೇಗೆ?" ಏಪ್ರಿಲ್ ಬಂತೆಂದರೆ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರೆಲ್ಲ ಈ ಮಾತು ಕೇಳಲೇಬೇಕು. ಮೈಸೂರಿನ ಕುವೆಂಪುನಗರದಲ್ಲಿ ನಾನೂ ಕೇಳಿದ್ದೇನೆ. ಕೇಳುವವರ ಮೇಲೆ ಬೇಸರವಿಲ್ಲ. ನ್ಯಾಯವಾದ ಪ್ರಶ್ನೆಯೇ.

ಹಾಗಾಗಿ ಎರಡು ಬೇಸಿಗೆ ಕಾರನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಲ್ಲಿ ಚಾರ್ಜ್ ಮಾಡಿ ನೋಡಿದೆ. ಸಂಜೆ ಮನೆಗೆ ಬಂದ ಕೂಡಲೇ, ರಾತ್ರಿ ಟೈಮರ್ ಇಟ್ಟು, ಮಧ್ಯಾಹ್ನ ತಾರಸಿಯ ಸೋಲಾರ್‌ನಲ್ಲಿ, ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ, ಪಾಂಡವಪುರದ ಹತ್ತಿರ ನಮ್ಮೂರಿನ ತೋಟದ ಮನೆಯಲ್ಲಿ. ಕಾರು ನೆಕ್ಸಾನ್ ಇವಿ, 30 ಯುನಿಟ್ ಹಿಡಿಯುವ ಬ್ಯಾಟರಿಯದು. ಎಸಿ ಹಾಕಿಕೊಂಡು ಓಡಿಸಿದರೆ ಯುನಿಟ್‌ಗೆ ಸುಮಾರು 7 ಕಿಲೋಮೀಟರ್ ಕೊಡುತ್ತದೆ. ಪ್ಲಗ್ ಪಕ್ಕದಲ್ಲಿ ವೋಲ್ಟೇಜ್ ತೋರಿಸುವ ಸಣ್ಣ ಮೀಟರ್ ಹಾಕಿಸಿದ್ದೇನೆ. ಈ ಬರಹದ ಅರ್ಧ ಮಾತು ಆ ಮೀಟರ್ ಹೇಳಿದ್ದು.

ಮೊದಲು ಒಂದು ಲೆಕ್ಕ. 2025ರ ಬೇಸಿಗೆಯಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತ್ತು. ಮನೆಯ 15 ಆಂಪ್ ಪ್ಲಗ್‌ನಲ್ಲಿ ಒಂದು ಕಾರು ಎಳೆಯುವುದು ಸುಮಾರು 3 ಕಿಲೋವ್ಯಾಟ್. ಹತ್ತು ಸಾವಿರ ಕಾರು ಒಂದೇ ಗಳಿಗೆಯಲ್ಲಿ ಪ್ಲಗ್‌ಗೆ ಸಿಕ್ಕಿಸಿದರೂ 30 ಮೆಗಾವ್ಯಾಟ್ ಆಯಿತು ಅಷ್ಟೇ. ರಾಜ್ಯದ ಲೆಕ್ಕದಲ್ಲಿ ಅದು ದೊಡ್ಡ ಭಾರವಲ್ಲ.

ಭಾರ ಬೀಳುವುದು ಬೀದಿ ಕೊನೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ. ನಮ್ಮ ಕಡೆಯದು 100 ಕೆವಿಎ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರುವಂಥದ್ದು. ಒಂದೂವರೆ ಟನ್ನಿನ ಎಸಿ ಸುಮಾರು ಒಂದೂವರೆ ಕಿಲೋವ್ಯಾಟ್ ತಿನ್ನುತ್ತದೆ. ಅಂದರೆ 15 ಆಂಪ್‌ನಲ್ಲಿ ನಿಂತ ಒಂದು ಕಾರು ಎರಡು ಎಸಿಗೆ ಸಮ. ಗೋಡೆಗೆ ಹಾಕಿಸುವ 7.2 ಕಿಲೋವ್ಯಾಟ್ ಬಾಕ್ಸ್ ಆದರೆ ಐದು ಎಸಿಗೆ ಹತ್ತಿರ. ಹತ್ತು ಮನೆಯವರು ಆ ಬಾಕ್ಸ್ ಹಾಕಿಸಿ, ಸಂಜೆ ಏಳಕ್ಕೆ ಒಟ್ಟಿಗೆ ಸ್ವಿಚ್ ಒತ್ತಿದರೆ 72 ಕಿಲೋವ್ಯಾಟ್. ಟಿಸಿಯ ಮುಕ್ಕಾಲು ಪಾಲು ಕಾರಿಗೇ ಹೋಯಿತು. ಉಳಿದ ಕಾಲು ಭಾಗದಲ್ಲಿ ಇಡೀ ಬೀದಿಯ ಫ್ಯಾನು, ಫ್ರಿಜ್ಜು, ಎಸಿ ಓಡಬೇಕು.

ಸೆಕೆಯಲ್ಲಿ ಟಿಸಿಗೆ ಇನ್ನೊಂದು ಕಷ್ಟ ಇದೆ. ಅದರೊಳಗೆ ಸುರುಳಿಗೆ ಸುತ್ತಿದ ಕಾಗದ, ಅದನ್ನು ತಂಪು ಮಾಡಲು ಎಣ್ಣೆ. ತಾಳಬಹುದಾದ ಬಿಸಿಗಿಂತ ಪ್ರತಿ 6 ಡಿಗ್ರಿ ಏರಿದಾಗಲೂ ಆ ಕಾಗದ ಸವೆಯುವ ವೇಗ ಎರಡರಷ್ಟಾಗುತ್ತದೆ. ಡಿಸೆಂಬರ್‌ನಲ್ಲಾದರೆ ರಾತ್ರಿಯ ಚಳಿಗೆ ಎಣ್ಣೆ ಬೇಗ ಆರುತ್ತದೆ. ಏಪ್ರಿಲ್‌ನಲ್ಲಿ ಹಗಲೆಲ್ಲ ಬಿಸಿಲು ಕುಡಿದ ಟಿಸಿ ಆರುವ ಹೊತ್ತಿಗೇ ನಾವೆಲ್ಲ ಮನೆಗೆ ಬಂದು ಸ್ವಿಚ್ ಹಾಕುತ್ತೇವೆ.

ಸಂಜೆ

ಎಲ್ಲಕ್ಕಿಂತ ಸುಲಭ ಇದೇ. ಕಾರು ನಿಲ್ಲಿಸಿದೆ, ಪ್ಲಗ್ ಹಾಕಿದೆ, ಕಾಫಿಗೆ ಒಳಗೆ ಹೋದೆ. ಎಲ್ಲಕ್ಕಿಂತ ಕೆಟ್ಟದ್ದೂ ಇದೇ. ಮಧ್ಯಾಹ್ನ 235 ತೋರಿಸುತ್ತಿದ್ದ ಮೀಟರ್ ಏಳೂವರೆಗೆ 205ಕ್ಕೆ ಇಳಿದಿರುತ್ತದೆ. ಮನೆಗಳಿಗೆ 230 ವೋಲ್ಟ್ ಕೊಡಬೇಕು, ಹೆಚ್ಚುಕಮ್ಮಿ ಶೇ. 6ರೊಳಗೆ ಇರಬೇಕು ಅನ್ನುವುದು ನಿಯಮ. ಅಂದರೆ 216ಕ್ಕಿಂತ ಕೆಳಗೆ ಬರಬಾರದು. ನನ್ನ ಕಾರಿನ ಪ್ಲಗ್ ಕಿತ್ತರೆ ಮೀಟರ್ ಮೂರು ನಾಲ್ಕು ವೋಲ್ಟ್ ಮೇಲೇರುತ್ತದೆ. ಕಣ್ಣಾರೆ ಕಂಡ ಮೇಲೆ ಸಂಜೆ ಹೊತ್ತು ಪ್ಲಗ್ ಹಾಕಲು ಮನಸ್ಸು ಬರುವುದಿಲ್ಲ. ಆ ನಾಲ್ಕು ವೋಲ್ಟ್ ಪಕ್ಕದ ಮನೆಯ ವಯಸ್ಸಾದವರ ಫ್ಯಾನಿಗೆ ಸೇರಬೇಕಾದ್ದು, ಅಲ್ವಾ?

ರಾಜ್ಯದ ಮಟ್ಟದಲ್ಲೂ ಅದು ಇಕ್ಕಟ್ಟಿನ ಹೊತ್ತು. ಆರೂವರೆಗೆ ಸೂರ್ಯ ಮುಳುಗಿದರೆ ಪಾವಗಡದಂಥ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕೂಡ ಸೊನ್ನೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನು ಥಟ್ಟಂತ ಏರಿಸಲು ಆಗುವುದಿಲ್ಲ. ಥಟ್ಟಂತ ಏರುವುದು ಶರಾವತಿ, ವಾರಾಹಿಯಂಥ ಜಲವಿದ್ಯುತ್. ಬೇಸಿಗೆಯಲ್ಲಿ ಅಲ್ಲಿನ ನೀರನ್ನು ಅಳೆದು ಸುರಿದು ಬಿಡಬೇಕು. ಉಳಿದದ್ದನ್ನು ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಕೊಳ್ಳಬೇಕು. ಮಧ್ಯಾಹ್ನ ಎರಡು ಮೂರು ರೂಪಾಯಿಗೆ ಸಿಗುವ ಯುನಿಟ್ ಬಿರುಬೇಸಿಗೆಯ ಸಂಜೆ ಅಲ್ಲಿನ ಮಿತಿಯಾದ 10 ರೂಪಾಯಿಗೆ ಮುಟ್ಟುವುದುಂಟು.

ಕಾರಿಗೂ ಅದು ಒಳ್ಳೆಯ ಹೊತ್ತಲ್ಲ. ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಬೆಂದು ಬಂದ ಬ್ಯಾಟರಿಗೆ ಕೂಡಲೇ ಚಾರ್ಜ್ ಕೊಟ್ಟರೆ ಬಿಸಿ ಮೇಲೆ ಬಿಸಿ. ಹಳೇ ಸಾಕೆಟ್ ಇದ್ದರಂತೂ ಅರ್ಧ ಗಂಟೆ ಬಿಟ್ಟು ಪ್ಲಗ್‌ನ ಮೇಲೆ ಕೈ ಇಟ್ಟು ನೋಡಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಒಳಗೆ ಸ್ಕ್ರೂ ಸಡಿಲವಾಗಿದೆ ಅಥವಾ ವೈರ್ ತೆಳುವಾಗಿದೆ ಅಂತ ಅರ್ಥ. ಸಾಕೆಟ್ ಸುತ್ತ ಕಂದು ಬಣ್ಣ ಬಂದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ನಡುರಾತ್ರಿ

ರಾತ್ರಿ ಚಾರ್ಜ್ ಮಾಡಿ, ಆಗ ಲೋಡ್ ಇರಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಳೆಗಾಲಕ್ಕೆ, ಚಳಿಗಾಲಕ್ಕೆ ಆ ಮಾತು ಸರಿ. ಬೇಸಿಗೆಯಲ್ಲಿ ಪೂರ್ತಿ ಸರಿಯಲ್ಲ. ನಾನು ಹನ್ನೊಂದಕ್ಕೆ ಟೈಮರ್ ಇಟ್ಟು ನೋಡಿದೆ. ಸೆಕೆಯ ರಾತ್ರಿಯಲ್ಲಿ ಹನ್ನೊಂದು ಅಂದರೆ ಬೀದಿಯ ಎಲ್ಲ ಮಲಗುವ ಕೋಣೆಗಳ ಎಸಿ ಭರ್ತಿ ಓಡುವ ಹೊತ್ತು. ಮೀಟರ್ 210ರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ಒಂದೂವರೆ ದಾಟಿದ ಮೇಲೆ ಮೆಲ್ಲಗೆ ಏರಿ, ಮೂರರ ಹೊತ್ತಿಗೆ 240 ಮುಟ್ಟಿತು.

ಹಾಗಾಗಿ ಈಗ ಎರಡಕ್ಕೆ ಶುರು, ಐದರೊಳಗೆ ಮುಗಿತಾಯ. ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಬೇಕಾಗುವುದು ಆರೇಳು ಯುನಿಟ್. 15 ಆಂಪ್ ಪ್ಲಗ್‌ನಲ್ಲಿ ಎರಡೂವರೆ ಗಂಟೆ ಸಾಕು. ಆರರ ಮೇಲೆ ಗೀಸರ್, ಸಂಪ್‌ನ ಮೋಟರ್ ಎಲ್ಲ ಶುರುವಾಗುತ್ತವೆ. ಅಷ್ಟರೊಳಗೆ ಕಾರು ಜಾಗ ಖಾಲಿ ಮಾಡಿರಬೇಕು. ತೊಂದರೆ ಒಂದೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮರ ಬಿದ್ದು ರಾತ್ರಿ ಕರೆಂಟ್ ಹೋದರೆ ಬೆಳಗ್ಗೆ ಕಾರು ಹಾಗೇ ನಿಂತಿರುತ್ತದೆ. ಅದಕ್ಕೆ ಒಂದು ದಿನದ ಓಡಾಟಕ್ಕೆ ಬೇಕಾದಷ್ಟು ಚಾರ್ಜ್ ಯಾವಾಗಲೂ ಉಳಿಸಿಕೊಂಡಿರುತ್ತೇನೆ.

ಮಧ್ಯಾಹ್ನ, ಸೋಲಾರ್‌ನಲ್ಲಿ

ನನ್ನ ಓಟು ಇದಕ್ಕೇ. ತಾರಸಿ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ದೇವೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇಷ್ಟಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಒಳ್ಳೆ ಬಿಸಿಲಿದ್ದ ದಿನ ಸುಮಾರು 12 ಯುನಿಟ್ ಬರುತ್ತದೆ. ಅಂದರೆ ಕಾರಿನ ದಿನದ ಹಸಿವು ತೀರಿಸಿ ಮನೆಗೂ ಉಳಿಯುತ್ತದೆ.

ಬಿಸಿಲು ಹೆಚ್ಚಾದಷ್ಟೂ ಸೋಲಾರ್ ಜಾಸ್ತಿ ಅನ್ನುವ ನಂಬಿಕೆ ಇದೆ. ಬೆಳಕು ಜಾಸ್ತಿಯಾದರೆ ಜಾಸ್ತಿ, ಬಿಸಿ ಜಾಸ್ತಿಯಾದರೆ ಕಮ್ಮಿ. ಪ್ಯಾನೆಲ್‌ನ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇ. 0.35ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. ಹೆಸರಿಗೆ 3 ಕಿಲೋವ್ಯಾಟ್ ಇದ್ದರೂ ಕೈಗೆ ಸಿಗುವುದು ಎರಡೂವರೆ. ಅದಕ್ಕೆ ನಾನು ಚಾರ್ಜರ್‌ನಲ್ಲಿ ಕರೆಂಟನ್ನು 10 ಆಂಪ್‌ಗೆ ಇಳಿಸುತ್ತೇನೆ. ಆಗ ಕಾರು ಎಳೆಯುವುದು 2.3 ಕಿಲೋವ್ಯಾಟ್. ಪ್ಯಾನೆಲ್ ಕೊಟ್ಟದ್ದು ಕಾರಿಗೆ ಸರಿಹೋಗುತ್ತದೆ, ಟಿಸಿಗೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಇನ್ವರ್ಟರ್‌ನ ಡಿಸ್‌ಪ್ಲೇ ನೋಡುವುದೇ ಒಂದು ಖುಷಿ. ಹೊರಗಿನಿಂದ ಬರುತ್ತಿರುವುದು ಸೊನ್ನೆಯ ಹತ್ತಿರ, ಕಾರಿನಲ್ಲಿ ಶೇಕಡಾವಾರು ಏರುತ್ತಿದೆ.

ಒಂದು ವಿಷಯ ಗೊತ್ತಿರಲಿ. ಬ್ಯಾಟರಿ ಇಲ್ಲದ ಈ ಸೋಲಾರ್ ವ್ಯವಸ್ಥೆ ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅನ್ನುವುದಕ್ಕೆ ಮಾಡಿದ್ದು ಅದು.

ದೊಡ್ಡ ಅಡ್ಡಿ ಬೇರೆಯೇ ಇದೆ. ಮಧ್ಯಾಹ್ನ ಕಾರು ಮನೆಯಲ್ಲಿ ಎಲ್ಲಿರುತ್ತದೆ? ನನ್ನದು ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲಿ ಬಿಸಿಲು ಕಾಯುತ್ತಾ ನಿಂತಿರುತ್ತದೆ. ಅಲ್ಲಿ ಒಂದು 15 ಆಂಪ್ ಪಾಯಿಂಟ್ ಕೊಡಿ ಅಂತ ಕೇಳಿದೆ. ಎಲೆಕ್ಟ್ರಿಕಲ್ ನೋಡಿಕೊಳ್ಳುವವರು "ಎಷ್ಟು ಎಳೆಯುತ್ತೆ ಸಾರ್ ಇದು?" ಅಂತ ಅನುಮಾನದಿಂದಲೇ ಕೇಳಿದರು. ಗೀಸರ್‌ನಷ್ಟು ಅಂದೆ. ಒಂದು ಸಬ್‌ಮೀಟರ್ ಹಾಕಿ ಕೊಟ್ಟರು. ತಿಂಗಳ ಕೊನೆಗೆ ಯುನಿಟ್ ಲೆಕ್ಕ ಹಾಕಿ ದುಡ್ಡು ಕಟ್ಟುತ್ತೇನೆ. ಇಷ್ಟು ಸರಳ. ಮೈಸೂರಿನ ಪ್ರತಿ ಆಫೀಸು, ಕಾಲೇಜು, ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಇಂಥ ಹತ್ತು ಪಾಯಿಂಟ್ ಬಂದರೆ ಸಂಜೆಯ ಹೊರೆ ಎಷ್ಟೋ ಇಳಿಯುತ್ತದೆ. ಭಾರಿ ಚಾರ್ಜರ್ ಯಾರಿಗೂ ಬೇಕಾಗಿಲ್ಲ. ಎಂಟು ಗಂಟೆ ಸುಮ್ನೆ ನಿಲ್ಲುವ ಕಾರಿಗೆ ಗಟ್ಟಿಯಾದ ಸಾಕೆಟ್, ಸರಿಯಾದ ಅರ್ಥಿಂಗ್ ಇದ್ದರೆ ಸಾಕು.

ಊರಿನಲ್ಲಿ ಲೆಕ್ಕ ಉಲ್ಟಾ

ಪಟ್ಟಣದ ಈ ಪಾಠವನ್ನು ಹಾಗೇ ಮಂಡ್ಯದ ಹಳ್ಳಿಗೆ ಒಯ್ಯಲು ಆಗುವುದಿಲ್ಲ. ನಮ್ಮದು ತೋಟದ ಮನೆ. ಸುತ್ತಲಿನ ಪಂಪ್‌ಸೆಟ್‌ಗಳಿಗೂ ನಮಗೂ ಒಂದೇ 63 ಕೆವಿಎ ಟಿಸಿ. ಹಗಲು ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಮೋಟರೂ ಒಟ್ಟಿಗೆ ಶುರು. 5 ಎಚ್‌ಪಿಯ ಹತ್ತು ಮೋಟರ್ ಅಂದರೆ 37 ಕಿಲೋವ್ಯಾಟ್. ಲೈನಿನ ಕೊನೆಯಲ್ಲಿರುವ ನಮ್ಮ ಮನೆಯಲ್ಲಿ 175 ವೋಲ್ಟ್ ಕಂಡಿದ್ದೇನೆ. ಆ ವೋಲ್ಟೇಜಿನಲ್ಲಿ ಮೋಟರ್ ಜಾಸ್ತಿ ಕರೆಂಟ್ ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ರೀವೈಂಡಿಂಗ್ ಖರ್ಚು ರೈತನದೇ.

ಅಪ್ಪ ಒಂದೇ ಮಾತು ಹೇಳಿದರು. "ಮೋಟ್ರು ನಿಲ್ಲಗಂಟ ತಡ್ಕ ಮಗ. ಕಬ್ಬು ಒಣಗೋಯ್ತದೆ, ಕಾರು ಒಣಗಕ್ಕಿಲ್ಲ." ಅದರ ಮೇಲೆ ವಾದ ಮಾಡಲು ಏನಿದೆ?

ಪಟ್ಟಣದಲ್ಲಿ ಮಧ್ಯಾಹ್ನ ಒಳ್ಳೆಯ ಹೊತ್ತಾದರೆ ಇಲ್ಲಿ ಅದೇ ಕೆಟ್ಟ ಹೊತ್ತು. ರಾತ್ರಿ ಸಿಂಗಲ್ ಫೇಸ್ ಇದ್ದಾಗ 3 ಕಿಲೋವ್ಯಾಟ್ ಎಳೆದರೆ ಅಕ್ಕಪಕ್ಕದ ಮನೆಗಳ ದೀಪ ಡಿಮ್ ಆಗುತ್ತದೆ. ಕೊನೆಗೆ ಸರಿಹೋದದ್ದು ಹೀಗೆ: ಹತ್ತರ ಮೇಲೆ, ಬರೀ 6 ಆಂಪ್‌ನಲ್ಲಿ, ಬೆಳಗಿನವರೆಗೆ. ಗಂಟೆಗೆ ಒಂದು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ವಾಪಸ್ ಮೈಸೂರು ಸೇರಲು ಅದು ಧಾರಾಳ.

1902ರಲ್ಲೇ ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಅಂಥ ಜಿಲ್ಲೆಯ ತೋಟದ ಮನೆಗೆ ಇವತ್ತು 175 ವೋಲ್ಟ್ ಬರುತ್ತದೆ ಅಂದರೆ ಹೊಟ್ಟೆ ಉರಿಯುತ್ತದೆ. ಹಳ್ಳಿಗಳಲ್ಲಿ ಎಲೆಕ್ಟ್ರಿಕ್ ಕಾರು ಬರುವ ಮುಂಚೆ ಟಿಸಿ ದೊಡ್ಡದಾಗಬೇಕು, ಪಂಪ್‌ಸೆಟ್‌ಗೂ ಮನೆಗೂ ಬೇರೆ ಬೇರೆ ಲೈನ್ ಆಗಬೇಕು. ಕಾರಿಲ್ಲದಿದ್ದರೂ ಆಗಬೇಕಾದ ಕೆಲಸ ಅದು.

ಹೆದ್ದಾರಿಯ ಫಾಸ್ಟ್ ಚಾರ್ಜರ್

ಬೆಂಗಳೂರು-ಮೈಸೂರು ದಾರಿಯಲ್ಲಿ ಹೋಟೆಲ್‌ಗಳ ಮುಂದೆ ಇವು ಸಿಗುತ್ತವೆ. ಮದ್ದೂರಿನಲ್ಲಿ ವಡೆ, ಕಾಫಿ ಮುಗಿಸುವಷ್ಟರಲ್ಲಿ ಊರು ಸೇರುವಷ್ಟು ಚಾರ್ಜ್ ಆಗಿರುತ್ತದೆ. ದೊಡ್ಡ ಸ್ಟೇಷನ್‌ಗಳಿಗೆ ತಮ್ಮದೇ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಪಕ್ಕದ ಮನೆಯ ಫ್ಯಾನಿಗೆ ತೊಂದರೆ ಇಲ್ಲ. ದುಬಾರಿ ಮಾತ್ರ ಹೌದು. ಮನೆಯ ದರದ ಮೂರು ಪಟ್ಟು ಬೀಳುತ್ತದೆ. ಮಟಮಟ ಮಧ್ಯಾಹ್ನ ನೂರರ ವೇಗದಲ್ಲಿ ಬಂದು ನಿಲ್ಲಿಸಿದರೆ ಬ್ಯಾಟರಿ ಬಿಸಿಯಾಗಿ, ಕಾರೇ ಚಾರ್ಜಿಂಗ್ ವೇಗ ತಗ್ಗಿಸುತ್ತದೆ. ಕೊನೆಯ ಅರ್ಧ ಗಂಟೆ ನಿಧಾನವಾಗಿ ಬಂದ ದಿನ ಬೇಗ ಮುಗಿದಿದೆ. ಶೇ. 80ಕ್ಕೆ ನಿಲ್ಲಿಸಿ ಹೊರಡುವುದು ಒಳ್ಳೆಯದು. ಆಮೇಲಿನದು ಹೇಗೂ ತೆವಳುತ್ತದೆ, ಹಿಂದೆ ಕಾದವರಿಗೂ ಜಾಗ ಸಿಗುತ್ತದೆ.

ದುಡ್ಡಿನ ಮಾತು

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ 140 ಯುನಿಟ್‌ಗಿಂತ ಜಾಸ್ತಿ ಕಾರಿಗೇ ಬೇಕು. ಗೃಹಜ್ಯೋತಿಯಲ್ಲಿ ಇರುವವರು ಗಮನಿಸಿ. ಬಳಕೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕಾರು ಬಂದರೆ ದಾಟುವುದು ಬಹುತೇಕ ಖಂಡಿತ.

ಹೊತ್ತಿಗೊಂದು ದರ ಬೇಗ ಬರಲಿ ಅನ್ನುವುದು ನನ್ನ ಆಸೆ. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಯಲ್ಲಿ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ಸ್ಟೇಷನ್‌ಗಳಿಗೆ ಸರಾಸರಿ ಸರಬರಾಜು ವೆಚ್ಚದ 0.7 ಪಟ್ಟು, ಉಳಿದ ಹೊತ್ತಿಗೆ 1.3 ಪಟ್ಟು ದರ ಅಂತ ಹೇಳಿದ್ದಾರೆ. ಸ್ಮಾರ್ಟ್ ಮೀಟರ್ ಹಾಕಿ, ಮನೆಯವರಿಗೂ ಹೀಗೇ ಮಾಡಿದರೆ ಸಂಜೆ ಪ್ಲಗ್ ಹಾಕಬೇಡಿ ಅಂತ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಹೊಸದಾಗಿ ಕಾರು ತಗೊಳ್ಳುವವರಿಗೆ ಒಂದು ಮಾತು. ದಿನದ ಓಡಾಟ ಐವತ್ತು ಕಿಲೋಮೀಟರ್ ಒಳಗಿದ್ದರೆ 7.2 ಕಿಲೋವ್ಯಾಟ್ ಬಾಕ್ಸ್ ಬೇಡ, 15 ಆಂಪ್ ಸಾಕು. ಬೇಕೇ ಬೇಕು ಅನ್ನುವವರು ಮೊದಲು ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕಚೇರಿಗೆ ಹೋಗಿ ಮಂಜೂರಾದ ಲೋಡ್ ಜಾಸ್ತಿ ಮಾಡಿಸಿಕೊಳ್ಳಿ. ಬೀದಿಯಲ್ಲಿ ಎಷ್ಟು ಭಾರ ಏರುತ್ತಿದೆ ಅಂತ ಅವರಿಗೆ ಗೊತ್ತಾಗುವುದು ಆ ಅರ್ಜಿಯಿಂದಲೇ. ಗೊತ್ತಾದರೆ ತಾನೇ ಟಿಸಿ ಬದಲಿಸಿ ಅಂತ ನಾವು ಕೇಳೋಕೆ ಆಗೋದು.